ಅಡಿಕೆ ಬೆಳೆಗಾರರ ವಾಟ್ಸಾಪ್ ಬಳಗ: ಕಟ್ಟುವುದು, ಬೆಳೆಸುವುದು

ಶುರುವಿಗೆ ಇಪ್ಪತ್ತು–ಮೂವತ್ತು ಜನ ಸಾಕು. ಒಂದೇ ತಾಲ್ಲೂಕಿನವರಾದರೆ ಮಳೆ, ಮಣ್ಣು, ರೋಗ ಬರುವ ಹೊತ್ತು ಹೆಚ್ಚುಕಡಿಮೆ ಹೊಂದುತ್ತದೆ. ಅವರಲ್ಲಿ ನಾಲ್ಕೈದು ಜನ ತೋಟದಲ್ಲಿ ಪಳಗಿದವರು ಇರಲೇಬೇಕು. ಉತ್ತರ ಹೇಳುವವರಿಲ್ಲದೆ ಮುನ್ನೂರು ಜನರನ್ನು ಸೇರಿಸಿದರೆ ಶುಭೋದಯದ ಚಿತ್ರಗಳೇ ತುಂಬಿಕೊಳ್ಳುತ್ತವೆ, ತಿಳಿದವರು ಮೊದಲು ಹೊರಬೀಳುತ್ತಾರೆ.

ಹೊಸಬರು ಸೇರಲು ಅಡ್ಮಿನ್ ಒಪ್ಪಿಗೆ ಬೇಕೆಂಬ ಸೆಟ್ಟಿಂಗ್ ಆನ್ ಮಾಡಿ. ಊರು ಯಾವುದು, ತೋಟ ಎಷ್ಟು ಎಂದು ಕೇಳಿಯೇ ಒಳಬಿಡಿ. ಲಿಂಕ್ ಎಲ್ಲೆಂದರಲ್ಲಿ ಹರಿದಾಡಿದರೆ ಸಾಲ, ಷೇರು ಎನ್ನುವ ಮೋಸಗಾರರಿಗೆ ಎಲ್ಲರ ನಂಬರ್ ಸಿಕ್ಕಿಬಿಡುತ್ತದೆ.

ಬಳಗ ನಿಲ್ಲುವುದು ಪ್ರಶ್ನೆ ಕೇಳುವ ಕ್ರಮದ ಮೇಲೆ. “ಕಾಯಿ ಉದುರುತ್ತಿದೆ, ಏನು ಮಾಡಲಿ?” ಎಂದಷ್ಟೇ ಕೇಳಿದರೆ ಹತ್ತು ಜನ ಹತ್ತು ಔಷಧಿ ಹೇಳುತ್ತಾರೆ. ಮಳೆಗಾಲದಲ್ಲಿ ತೊಟ್ಟಿನ ಬಳಿ ನೀರು ಹಿಡಿದಂಥ ಕಲೆ, ಮೇಲೆ ಬಿಳಿ ಬೂಸ್ಟು ಕಂಡರೆ ಕೊಳೆ ರೋಗ. ಎಳೆಗಾಯಿಯ ಮೇಲೆ ಸೂಜಿ ಚುಚ್ಚಿದಂಥ ಗುರುತಿದ್ದರೆ ಕಾಯಿಯ ರಸ ಹೀರುವ ತಿಗಣೆ ಕೀಟ. ಆದ್ದರಿಂದ ಬಿದ್ದ ಕಾಯಿಯ ತೊಟ್ಟು ಬಿಡಿಸಿ ಹಗಲು ಬೆಳಕಿನಲ್ಲಿ ತೆಗೆದ ಫೋಟೊ, ಊರು, ಕೊನೆಯ ಸಲ ಔಷಧಿ ಹೊಡೆಸಿದ ದಿನ, ಇವಿಷ್ಟು ಇಲ್ಲದ ಪ್ರಶ್ನೆಗೆ ಮೊದಲು ಇವನ್ನೇ ಕೇಳಿ.

ಉತ್ತರವೂ ಅಳತೆ ಸಮೇತ ಇರಲಿ. ಕೊಳೆ ರೋಗಕ್ಕೆ “ಬೋರ್ಡೋ ದ್ರಾವಣ ಹೊಡೆಯಿರಿ” ಎಂದರೆ ಸಾಲದು. ಶೇ. 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಹೊಳೆಯುವ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಪಳಗಿದವರು ಬಿಟ್ಟುಬಿಡುವುದು ಇಂಥ ಮಾತನ್ನೇ, ಹೊಸಬರಿಗೆ ಬೇಕಾದದ್ದೂ ಇದೇ.

ಇಂಥ ಉತ್ತರವನ್ನು ಗುಂಪಿನ ಮೇಲ್ತುದಿಯಲ್ಲಿ ಕಾಣುವಂತೆ ಪಿನ್ ಮಾಡಿ. ಆದರೆ ಪಿನ್ ಹೆಚ್ಚೆಂದರೆ 30 ದಿನ ನಿಲ್ಲುತ್ತದೆ. ತಿಂಗಳಿಗೊಮ್ಮೆ ಒಳ್ಳೆಯ ಉತ್ತರಗಳನ್ನು ಆಯ್ದು, ದಿನಾಂಕ ಹಾಕಿ, ಪಿಡಿಎಫ್ ಮಾಡಿ ಹಂಚಿ. ಅದು ಬೇರೆ ಊರಿಗೆ ತಲುಪಿದಾಗ ತಾವಾಗಿಯೇ ಬೆಳೆಗಾರರು ಹುಡುಕಿ ಬರುತ್ತಾರೆ.

ಧಾರಣೆ ಹಾಕುವಾಗ ಮಾರುಕಟ್ಟೆ, ಬಗೆ, ದಿನ ಮೂರೂ ಇರಬೇಕು. ‘ರಾಶಿ’ ಎಂಬ ಬಗೆಯ ಅಡಿಕೆಯ ಗರಿಷ್ಠ ದರ ಒಂದನ್ನೇ ಹಾಕಿದರೆ ಎಲ್ಲರ ಮಾಲಿಗೂ ಅಷ್ಟೇ ಸಿಗುತ್ತದೆಂದು ನಂಬಿ ಕೆಲವರು ಮಾರದೆ ಕೂರುತ್ತಾರೆ. ಸರಾಸರಿಯನ್ನೂ ಹಾಕಿಸಿ.

ಔಷಧಿ ಮಾರುವವರಿಗೆ ವಾರಕ್ಕೊಂದು ದಿನ ಕೊಡಿ, ಉಳಿದ ದಿನ ಜಾಹೀರಾತು ಬಂದರೆ ಅಳಿಸಿ. ಗುಂಪಿಗೆ 1024 ಜನರ ಮಿತಿ ಇದೆ. ಅದು ತುಂಬುವ ಮೊದಲೇ, ಹಲವು ಗುಂಪುಗಳನ್ನು ಒಂದೆಡೆ ಸೇರಿಸುವ ವಾಟ್ಸಾಪ್ ಕಮ್ಯುನಿಟಿ ತೆರೆದು ತಾಲ್ಲೂಕಿಗೊಂದು ಗುಂಪು ಮಾಡಿ, ಪ್ರತಿಯೊಂದಕ್ಕೂ ಅಲ್ಲಿಯವರನ್ನೇ ಇಬ್ಬರನ್ನು ಅಡ್ಮಿನ್ ಮಾಡಿ.