ಮೊದಲು ಜಿಮ್ ಫೆಲ್ಪ್ಸ್‌ನನ್ನು ನಂಬಿ, ಆಮೇಲೆ ಸಿನಿಮಾ ನೋಡಿ

‘ಮಿಷನ್: ಇಂಪಾಸಿಬಲ್’ ಹಳೆಯ ಟಿವಿ ಧಾರಾವಾಹಿಯ ಒಂದು ಕಂತನ್ನೂ ನೋಡದೆ ನಾನು 1996ರ ಸಿನಿಮಾ ನೋಡಿದ್ದೆ. ಗೂಢಚಾರ ತಂಡದ ನಾಯಕ ಜಿಮ್ ಫೆಲ್ಪ್ಸ್ ತನ್ನ ತಂಡಕ್ಕೇ ದ್ರೋಹ ಬಗೆದವನು ಅಂತ ಗೊತ್ತಾದಾಗ ಏನೂ ಅನಿಸಲಿಲ್ಲ. ಧಾರಾವಾಹಿ ನೋಡಿದ ಮೇಲೆ ಅದೇ ಸಿನಿಮಾ ಮತ್ತೆ ಹಾಕಿದೆ. ಮನೆಯ ಹಿರಿಯರೇ ಮೋಸ ಮಾಡಿದ ಹಾಗೆ ಸಂಕಟವಾಯಿತು. ಗುಟ್ಟು ಮೊದಲೇ ಹೇಳಿಬಿಟ್ಟೆ, ನಿಜ. ಆದರೆ ಗುಟ್ಟು ಗೊತ್ತಿದ್ದರೇ ಈ ಸಿನಿಮಾ ಜಾಸ್ತಿ ರುಚಿಸುತ್ತದೆ.

ಎರಡು ಸಂಜೆ ಬಿಡುವು ಮಾಡಿಕೊಳ್ಳಿ. ಧಾರಾವಾಹಿ 1966ರಿಂದ 1973ರವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂತು, ಒಟ್ಟು 171 ಕಂತು. ನಮಗೆ ಎರಡು ಸಾಕು.

ಮೊದಲನೆಯದು ಮೊದಲ ಸೀಸನ್‌ನ ‘ಆಪರೇಷನ್ ರೊಗೋಷ್’. ಇದರಲ್ಲಿ ಫೆಲ್ಪ್ಸ್ ಇನ್ನೂ ಬಂದಿಲ್ಲ. ಸೆರೆಸಿಕ್ಕ ಶತ್ರುವಿಗೆ ಮೂರು ವರ್ಷ ಕಳೆದುಹೋಗಿದೆ, ನೀನೀಗ ನಿನ್ನ ದೇಶದ ಜೈಲಲ್ಲೇ ಇದ್ದೀಯ ಅಂತ ನಂಬಿಸುತ್ತಾರೆ. ಜೈಲು ಪೂರ್ತಿ ನಾಟಕದ ಸೆಟ್. ಇದನ್ನು ನೋಡಿದ್ದರೆ, ಸಿನಿಮಾದ ಶುರುವಿನಲ್ಲಿ ಕೀವ್‌ನ ಆ ಕೋಣೆಯ ಗೋಡೆಗಳನ್ನು ಬಿಚ್ಚುವಾಗ ಹಳೆಯ ಸ್ನೇಹಿತ ಸಿಕ್ಕ ಹಾಗಾಗುತ್ತದೆ.

ಎರಡನೆಯದು ಮೂರನೇ ಸೀಸನ್‌ನ ‘ದಿ ಮೈಂಡ್ ಆಫ್ ಸ್ಟೆಫಾನ್ ಮಿಕ್ಲೋಸ್’. ಇಲ್ಲಿ ಫೆಲ್ಪ್ಸ್ ಆಗಿ ಪೀಟರ್ ಗ್ರೇವ್ಸ್ ಇದ್ದಾರೆ. ಮಿಕ್ಲೋಸ್ ಭಾರಿ ಬುದ್ಧಿವಂತ, ನೇರ ಸುಳ್ಳಿಗೆ ಬೀಳುವವನಲ್ಲ. ಹಾಗಾಗಿ ತಂಡದವರು ಸಣ್ಣ ಸಣ್ಣ ಸುಳಿವು ಬಿಡುತ್ತಾ ಹೋಗುತ್ತಾರೆ. ಕೊನೆಗೆ ಅವನೇ ಕಷ್ಟಪಟ್ಟು ಸುಳ್ಳನ್ನು ‘ಕಂಡುಹಿಡಿಯುತ್ತಾನೆ’. ಗ್ರೇವ್ಸ್ ಅವರ ಸಮಾಧಾನದ ಮುಖವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಟೈಟಲ್ ಸಂಗೀತವನ್ನು ದಯವಿಟ್ಟು ಓಡಿಸಬೇಡಿ. ಲಾಲೋ ಶಿಫ್ರಿನ್ ಅವರ ಆ ಟ್ಯೂನ್ ಐದರ ಲೆಕ್ಕದ್ದು. ನಾನು ಮೃದಂಗ ಕಲಿಸುವವಳು, ಕೈ ಸುಮ್ಮನಿರುವುದಿಲ್ಲ. ತೊಡೆಯ ಮೇಲೆ ‘ತಕಿಟ ತಕಿಟ ತಕ ತಕ’ ಅಂತ ಹಾಕಿ ನೋಡಿ, ಸರಿಯಾಗಿ ಕೂರುತ್ತದೆ. ಹತ್ತು ಅಕ್ಷರ, ಅಂದರೆ ಐದು ಅಕ್ಷರದ ಖಂಡ ಚಾಪು ತಾಳ ಎರಡು ಆವರ್ತನ. ಒಡೆಯುವ ರೀತಿ ಮಾತ್ರ ಬೇರೆ. ಯು2 ಬ್ಯಾಂಡಿನ ಆಡಂ ಕ್ಲೇಟನ್, ಲ್ಯಾರಿ ಮಲ್ಲೆನ್ ಸಿನಿಮಾಕ್ಕೆಂದು ಹೊಸದಾಗಿ ನುಡಿಸಿದ್ದು ಹೆಚ್ಚಾಗಿ ನಾಲ್ಕರ ಲೆಕ್ಕಕ್ಕೆ ಬಂದುಬಿಡುತ್ತದೆ. ನನಗೆ ಐದೇ ಇಷ್ಟ. ಆ ಕುಂಟುನಡೆಯಲ್ಲೇ ಆತಂಕ ಇರುವುದು, ಅಲ್ವಾ?

ಮರುದಿನ ಸಂಜೆ ಬ್ರಿಯಾನ್ ಡಿ ಪಾಮಾ ನಿರ್ದೇಶಿಸಿದ ಸಿನಿಮಾ ಹಾಕಿ. ಈಗ ಫೆಲ್ಪ್ಸ್ ಆಗಿರುವವರು ಜಾನ್ ವಾಯ್ಟ್. ವಿಮಾನದಲ್ಲಿ ಫೆಲ್ಪ್ಸ್ ಸಿಗರೇಟು ಹಚ್ಚಿ, ಕೆಲಸದ ಆದೇಶ ಹೇಳಿ ತಾನೇ ಸುಟ್ಟುಹೋಗುವ ಟೇಪಿನ ಹೊಗೆಯನ್ನು ಅದರಲ್ಲಿ ಮರೆಸುವುದನ್ನು ಗಮನಿಸಿ. ಲ್ಯಾಂಗ್ಲಿಯ ಸಿಐಎ ಕೇಂದ್ರ ಕಚೇರಿಯ ಕೋಣೆಗೆ ಟಾಮ್ ಕ್ರೂಸ್ ಹಗ್ಗದಲ್ಲಿ ಇಳಿಯುವ ಮುಂಚೆ ಫ್ಯಾನ್ ಆರಿಸಿ, ಕುಕ್ಕರ್ ಇಟ್ಟಿದ್ದರೆ ಇಳಿಸಿ. ಸದ್ದಾದರೆ ಅಲಾರಂ ಹೊಡೆಯುವ ಕೋಣೆ ಅದು. ಅಲ್ಲಿ ಸಂಗೀತವೇ ಇಲ್ಲ. ಒಂದು ಹನಿ ಬೆವರಿನ ಮೇಲೆ ದೃಶ್ಯ ನಿಂತಿದೆ.

ಆದರೆ ನಾನು ನಿಮ್ಮನ್ನು ಕರೆದೊಯ್ಯಬೇಕೆಂದಿರುವುದು ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣಕ್ಕೆ. ಸತ್ತನೆಂದುಕೊಂಡ ಫೆಲ್ಪ್ಸ್ ಬಂದು, ದ್ರೋಹಿ ತಮ್ಮ ಮೇಲಧಿಕಾರಿ ಕಿಟ್ರಿಜ್ ಅನ್ನುತ್ತಾನೆ. ಅವನ ಶಿಷ್ಯ ಈಥನ್ (ಟಾಮ್ ಕ್ರೂಸ್) ಹೌದು ಹೌದು ಅನ್ನುತ್ತಾ, ಕಿಟ್ರಿಜ್ ಇದನ್ನೆಲ್ಲ ಹೇಗೆ ಮಾಡಿರಬಹುದು ಅಂತ ಬಾಯಲ್ಲಿ ಹೇಳುತ್ತಾನೆ. ಪರದೆಯ ಮೇಲೆ ಮಾತ್ರ ಎಲ್ಲವನ್ನೂ ಮಾಡುತ್ತಿರುವವನು ಫೆಲ್ಪ್ಸ್. ಮಿಕ್ಲೋಸ್‌ನ ಮುಂದೆ ಸುಳಿವು ಚೆಲ್ಲಿದ ಅದೇ ಗುರು ಈಗ ಎದುರು ಕೂತು, ಶಿಷ್ಯ ತನ್ನನ್ನು ನಂಬಿದ ಅಂದುಕೊಳ್ಳುತ್ತಾನೆ. ಈ ದೃಶ್ಯವನ್ನು ಎರಡು ಸಲ ನೋಡಿ. ಮೊದಲು ಮಾಮೂಲಿನಂತೆ, ಆಮೇಲೆ ಸೌಂಡ್ ಪೂರ್ತಿ ತೆಗೆದು.