ಮೀನಿಗೂ ಲೆನ್ಸಿಗೂ ನಡುವೆ ಒಂದು ಗೇಣು ನೀರು

2021ರ ನವೆಂಬರ್ ಮಳೆಗೆ ನಮ್ಮ ಚಿಂತಾಮಣಿ ಕಡೆ ಕೆರೆಗಳು ಕೋಡಿ ಹರಿದವು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳನ್ನಷ್ಟೇ ನೋಡಿ ಬೆಳೆದ ಮಕ್ಕಳು ಕಲ್ಲು ಕಟ್ಟಿದ ತೆರೆದ ಬಾವಿಯಲ್ಲಿ ನೀರು ನಿಂತಿದ್ದನ್ನು ಆಗ ಕಂಡರು. ನಾನು ಮದುವೆ ಫೋಟೊ ತೆಗೆಯುವವನು. ಆ ಬಾವಿಗಳ ಒಳಗೆ ಏನಿದೆ ಅಂತ ನೋಡುವ ಆಸೆ ಹುಟ್ಟಿತು. ಮಳೆ ನಿಂತು ಕೆಸರು ತಳಕ್ಕೆ ಕೂತ ಮೇಲೆ ಇಳಿದೆ. ಅಂದಿನಿಂದ ಬಾವಿ, ಕೆರೆ ಅಂಚು, ಕೃಷಿ ಹೊಂಡ ಅಂತ ಸುತ್ತುತ್ತಲೇ ಇದ್ದೇನೆ. ಸಮುದ್ರಕ್ಕೆ ಹೋಗಿದ್ದು ಆಮೇಲೆ.

ನೀರೊಳಗೆ ಫೋಟೊ ತೆಗೆಯಲು ಯಾವ ಕ್ಯಾಮೆರಾ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಲೆನ್ಸಿನಿಂದ ಮೀನಿನವರೆಗೆ ಎಷ್ಟು ನೀರಿರುತ್ತದೆ ಅನ್ನುವುದು ನನಗೆ ಅದಕ್ಕಿಂತ ದೊಡ್ಡ ಪ್ರಶ್ನೆ. ನಾನು ಕೊಂಡಿದ್ದು, ಕೊಳ್ಳದೆ ಬಿಟ್ಟಿದ್ದು ಎಲ್ಲವೂ ಈ ಲೆಕ್ಕದ ಮೇಲೆಯೇ.

ನೀರು ಬಣ್ಣಗಳನ್ನು ನುಂಗುತ್ತದೆ. ಮೊದಲು ಹೋಗುವುದು ಕೆಂಪು. ತಿಳಿಯಾದ ಸಮುದ್ರದಲ್ಲೂ ಐದು ಮೀಟರ್ ಇಳಿಯುವಷ್ಟರಲ್ಲಿ ಅದು ಹೆಚ್ಚುಕಡಿಮೆ ಮಾಯ. ಇಲ್ಲಿ ಆಳ ಒಂದೇ ಲೆಕ್ಕವಲ್ಲ. ಬೆಳಕು ಮೇಲಿನಿಂದ ಮೀನಿಗೆ ಬಂದು, ಮೀನಿನಿಂದ ಲೆನ್ಸಿಗೆ ಬರುವ ಅಡ್ಡ ದೂರವೂ ಸೇರುತ್ತದೆ. ನಮ್ಮ ಬಾವಿ, ಕೆರೆಗಳಲ್ಲಿ ಪಾಚಿ ಬೇರೆ ಇರುತ್ತದೆ. ಅದು ನೀಲಿಯನ್ನೂ ಹೀರಿಕೊಂಡು ಹಸಿರನ್ನು ಮಾತ್ರ ಉಳಿಸುತ್ತದೆ. ಜೊತೆಗೆ ತೇಲುವ ಮಣ್ಣಿನ ಕಣಗಳು. ಎರಡು ಮೀಟರ್ ದೂರದ ಮೀನು ಕಣ್ಣಿಗೆ ಕಂಡರೂ ಫೋಟೊದಲ್ಲಿ ಬರೀ ಮಸುಕು. ಜೂಮ್ ಮಾಡಿದರೆ ಆ ಮಸುಕೇ ದೊಡ್ಡದಾಗುತ್ತದೆ. ತಿಳಿ ಸಮುದ್ರದಲ್ಲಿ ಒಂದು ಮೀಟರ್ ಒಳಗೆ ಬಂದರೆ ಸಾಕು. ನಮ್ಮ ಬಾವಿಯಲ್ಲಿ ಒಂದು ಗೇಣು ದೂರಕ್ಕೆ ಬರಬೇಕು. ಹಾಗಾಗಿ ತುಂಬಾ ಹತ್ತಿರದಿಂದ ಫೋಕಸ್ ಆಗುವ ಕ್ಯಾಮೆರಾ ಬೇಕು.

ಮೊಬೈಲ್ ಪೌಚ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀರೊಳಗೆ ಟಚ್ ಸ್ಕ್ರೀನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ವಾಲ್ಯೂಮ್ ಬಟನ್ನೇ ಗತಿ. ನೀರು, ಧೂಳು ತಡೆಯುತ್ತದೆ ಅನ್ನುವ ಐಪಿ68 ಗುರುತಿರುವ ಫೋನನ್ನು ಸುಮ್ನೆ ಹಾಗೇ ಮುಳುಗಿಸಬೇಡಿ. ಆ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ಅಲುಗಾಡದ ಶುದ್ಧ ನೀರಿನಲ್ಲಿ. ಕೆಳಗೆ ಬಿದ್ದ, ಹಳೆಯದಾದ ಫೋನಿನ ಸೀಲ್ ಹಾಗೇ ಇರುವುದಿಲ್ಲ.

ಆ್ಯಕ್ಷನ್ ಕ್ಯಾಮೆರಾ ಒಳ್ಳೆಯದೇ. ಗೋಪ್ರೋ ಹೀರೊ ಹೌಸಿಂಗ್ (ನೀರು ಒಳಬಿಡದ ಹೊರಕವಚ) ಇಲ್ಲದೆಯೇ 10 ಮೀಟರ್‌ವರೆಗೆ ತಡೆಯುತ್ತದೆ. ವಿಡಿಯೊಗೆ, ಬಾವಿಯ ಒಳಗೋಡೆ ಪೂರ್ತಿ ತೋರಿಸುವುದಕ್ಕೆ ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ಆದರೆ ಅದರ ಫೋಕಸ್ ಬದಲಾಗುವುದಿಲ್ಲ. ಸುಮಾರು ಒಂದು ಅಡಿಗಿಂತ ಹತ್ತಿರ ಬಂದದ್ದು ಮಸುಕಾಗುತ್ತದೆ. ಹೆಬ್ಬೆಟ್ಟಿನಷ್ಟು ಮೀನಿಗೆ, ಗೊದಮೊಟ್ಟೆಗೆ ಅದು ಆಗುವುದಿಲ್ಲ.

ಸ್ಟುಡಿಯೊದಲ್ಲಿ ಒಳ್ಳೆಯ ಮಿರರ್‌ಲೆಸ್ ಕ್ಯಾಮೆರಾ ಇದೆ. ಅದಕ್ಕೆ ಹೌಸಿಂಗ್ ಹಾಕಿಸಬಹುದಿತ್ತಲ್ವಾ ಅಂತ ಸ್ನೇಹಿತರು ಕೇಳುತ್ತಾರೆ. ಒಳ್ಳೆಯ ಅಲ್ಯೂಮಿನಿಯಂ ಹೌಸಿಂಗಿಗೆ ಕ್ಯಾಮೆರಾದಷ್ಟೇ, ಎಷ್ಟೋ ಸಲ ಅದಕ್ಕಿಂತ ಜಾಸ್ತಿ ಬೆಲೆ. ಲೆನ್ಸಿನ ಮುಂದೆ ಕೂರುವ ಗಾಜಿನ ಭಾಗ, ಅಂದರೆ ಪೋರ್ಟ್, ಬೇರೆ ಕೊಳ್ಳಬೇಕು. ಕ್ಯಾಮೆರಾ ಬದಲಾಯಿಸಿದರೆ ಹೌಸಿಂಗೂ ಬದಲಾಗಬೇಕು. ಮಾರನೇ ದಿನ ಮದುವೆಗೆ ಬೇಕಾದ ಕ್ಯಾಮೆರಾವನ್ನು ಬಾವಿಗೆ ಇಳಿಸುವ ಮನಸ್ಸೂ ನನಗಿಲ್ಲ.

ನಾನು ಕೊಂಡಿದ್ದು ಒಲಿಂಪಸ್ ಟಿಜಿ-6, ಸೆಕೆಂಡ್ ಹ್ಯಾಂಡ್. 2019ರಲ್ಲಿ ಬಂದ ಮಾಡೆಲ್. ಅದರ ಮುಂದಿನ ಟಿಜಿ-7 2023ರಲ್ಲಿ ಓಎಂ ಸಿಸ್ಟಂ ಹೆಸರಿನಲ್ಲಿ ಬಂತು. ಎರಡೂ ಹೌಸಿಂಗ್ ಇಲ್ಲದೆ 15 ಮೀಟರ್‌ವರೆಗೆ ಹೋಗುತ್ತವೆ. 12 ಮೆಗಾಪಿಕ್ಸೆಲ್, ಚಿಕ್ಕ ಸೆನ್ಸರ್. ಕತ್ತಲಲ್ಲಿ ಚಿತ್ರ ಕಾಳುಕಾಳಾಗುತ್ತದೆ. ಹಾಗಿದ್ದೂ ಇದನ್ನೇ ಆರಿಸಿದ್ದಕ್ಕೆ ಅದರ ಮೈಕ್ರೊಸ್ಕೋಪ್ ಮೋಡ್ ಕಾರಣ. ಲೆನ್ಸಿನಿಂದ ಒಂದು ಸೆಂಟಿಮೀಟರ್ ದೂರದಲ್ಲೂ ಫೋಕಸ್ ಸಿಗುತ್ತದೆ. ಅಂದರೆ ನಡುವಿನ ನೀರನ್ನು ಬೆರಳಗಲಕ್ಕೆ ಇಳಿಸಬಹುದು. ಅಷ್ಟು ತೆಳು ನೀರಿನಲ್ಲಿ ಪಾಚಿಯೂ ಅಡ್ಡ ಬರುವುದಿಲ್ಲ, ಬಣ್ಣವೂ ಹೋಗುವುದಿಲ್ಲ. ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದ ಮೂಲ ಚಿತ್ರ, ಸಿಗುವುದರಿಂದ ಉಳಿದ ಹಸಿರನ್ನು ಕಂಪ್ಯೂಟರಿನಲ್ಲಿ ತಿದ್ದಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬ್ಯಾಟರಿ ಬಾಗಿಲಿನ ರಬ್ಬರ್ ಸೀಲನ್ನು ಬೆಳಕಿಗೆ ಹಿಡಿದು ನೋಡಿ. ಸೀಳು, ಚಪ್ಪಟೆ, ಉಪ್ಪಿನ ಕಲೆ ಕಂಡರೆ ಬಿಟ್ಟುಬಿಡಿ.

ನೀರಿನಲ್ಲಿ ಚಪ್ಪಟೆ ಗಾಜಿನ ಹಿಂದಿನಿಂದ ನೋಡಿದರೆ ವಸ್ತು ನಿಜವಾದ ದೂರದ ಮುಕ್ಕಾಲು ಭಾಗದಲ್ಲೇ ಇರುವ ಹಾಗೆ ಕಾಣುತ್ತದೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದೇ ಕಾರಣ. ಲೆನ್ಸಿಗೆ ಕಾಣುವ ದೃಶ್ಯದ ಅಗಲವೂ ಕುಗ್ಗುತ್ತದೆ. ಗುಮ್ಮಟದ ಆಕಾರದ ಡೋಮ್ ಪೋರ್ಟ್ ಈ ಅಗಲವನ್ನು ವಾಪಸ್ ಕೊಡುತ್ತದೆ. ಅರ್ಧ ನೀರು, ಅರ್ಧ ಆಕಾಶ ಇರುವ ಚಿತ್ರ ಬೇಕೆಂದರೆ ದೊಡ್ಡ ಡೋಮ್ ಬೇಕೇ ಬೇಕು. ಚಿಕ್ಕ ಮೀನಿಗೆ ಚಪ್ಪಟೆ ಗಾಜೇ ಲಾಭ, ಮೀನು ದೊಡ್ಡದಾಗಿ ಕಾಣುತ್ತದಲ್ಲ.

ಇನ್ನು ಬೆಳಕು. ಬಿಸಿಲು ಬಾವಿಯ ತಳದ ಕಡೆಗೆ ನೇರವಾಗಿ ಬೀಳುವುದು ನಡುಹಗಲಲ್ಲಿ ಮಾತ್ರ. ಹನ್ನೊಂದರಿಂದ ಒಂದೂವರೆವರೆಗೆ ನನ್ನ ಕೆಲಸದ ಹೊತ್ತು. ಕಲ್ಲಿನ ಸಂದಿಗಳಿಗೆ ಒಂದು ಚಿಕ್ಕ ವಿಡಿಯೊ ಲೈಟ್ ಇಟ್ಟುಕೊಂಡಿದ್ದೇನೆ. ಅದನ್ನು ಕ್ಯಾಮೆರಾ ಮೇಲೆ ಕೂರಿಸುವುದಿಲ್ಲ. ಲೆನ್ಸಿನ ಪಕ್ಕದಿಂದಲೇ ಬೆಳಕು ಬಿಟ್ಟರೆ, ನಂದಿ ಬೆಟ್ಟದ ಮಂಜಿನಲ್ಲಿ ಹೈಬೀಮ್ ಹಾಕಿದ ಹಾಗೆ, ಮುಂದಿನ ಕಣಗಳೆಲ್ಲ ಹೊಳೆದು ಮೀನು ಮುಚ್ಚಿಹೋಗುತ್ತದೆ. ಎಡಗೈಯಲ್ಲಿ ಲೈಟ್ ಹಿಡಿದು ಪಕ್ಕಕ್ಕೆ ಚಾಚುತ್ತೇನೆ. ಬೆಳಕು ಮೀನಿನ ಮೇಲೆ ಬೀಳಬೇಕು, ಮೀನಿಗೂ ಲೆನ್ಸಿಗೂ ನಡುವಿನ ನೀರಿನ ಮೇಲೆ ಬೀಳಬಾರದು. ಕೆಂಪು ಫಿಲ್ಟರ್ ನೀಲಿ ಸಮುದ್ರಕ್ಕೆ. ನಮ್ಮ ಹಸಿರು ನೀರಿಗೆ ಮಜೆಂತಾ (ನೇರಳೆಗೆಂಪು) ಫಿಲ್ಟರ್ ಬೇಕು. ಲೈಟ್ ಹಾಕಿದಾಗ ಎರಡನ್ನೂ ತೆಗೆಯಬೇಕು.

ಬಾವಿಗೆ ಇಳಿಯುವ ಮುಂಚೆ ಮೋಟರ್ ಸ್ಟಾರ್ಟರ್ ಆಫ್ ಮಾಡಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೇನೆ. ಹಳೆಯ ಬಾವಿಗಳಲ್ಲಿ ವೈರಿನ ಜಾಯಿಂಟ್ ನೀರಿನ ಹತ್ತಿರವೇ ತೂಗುತ್ತಿರುತ್ತದೆ. ಮೇಲೆ ಹಗ್ಗ ಹಿಡಿದು ಒಬ್ಬರು ಇರಲೇಬೇಕು. ಮೆಟ್ಟಿಲಿಲ್ಲದ ಬಾವಿಗೆ ನಾನು ಇಳಿಯುವುದೇ ಇಲ್ಲ. ಬೇಗ ಬೇಗ ಉಸಿರೆಳೆದುಕೊಂಡು ಮುಳುಗುವ ಚಾಳಿ ಕೆಲವರಿಗಿದೆ. ಹಾಗೆ ಮಾಡಿದರೆ ಉಸಿರು ಬೇಕು ಅನ್ನಿಸುವ ಮುಂಚೆಯೇ ಪ್ರಜ್ಞೆ ತಪ್ಪಬಹುದು. ಲಾರಿ ಟ್ಯೂಬಿನ ಮೇಲೆ ಎದೆಯಿಟ್ಟು, ಮುಖ ಮತ್ತು ಕ್ಯಾಮೆರಾ ಮಾತ್ರ ನೀರಲ್ಲಿ, ಬಾಯಲ್ಲಿ ಉಸಿರಾಡುವ ಕೊಳವೆ, ಸ್ನಾರ್ಕೆಲ್. ನನ್ನ ಒಳ್ಳೆಯ ಚಿತ್ರಗಳಲ್ಲಿ ಹೆಚ್ಚಿನವು ಹೀಗೆ ತೇಲುತ್ತಾ ತೆಗೆದವು. ಕಾಲು ತಳಕ್ಕೆ ತಾಗದ ಕಾರಣ ಕೆಸರೂ ಏಳುವುದಿಲ್ಲ.

"ಏನಪ್ಪಾ, ಆವಾಗಿಂದ ಹಾಗೇ ಬಿದ್ದಿದ್ದೀಯಾ, ಮೀನೇನಾದ್ರೂ ಸಿಕ್ತಾ?" ಅಂತ ಹಗ್ಗ ಹಿಡಿದ ತಾತ ಮೇಲಿಂದ ಕೂಗುತ್ತಾರೆ. ಅಲುಗಾಡದೆ ಬಿದ್ದಿರುವುದೇ ಇಲ್ಲಿ ಕೆಲಸ. ಮೀನಿನ ಹಿಂದೆ ಹೋದರೆ ಬಾಲ ಮಾತ್ರ ಸಿಗುತ್ತದೆ. ಸುಮ್ಮನಿದ್ದರೆ ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಾವಿಗಳಿಗೆ ಬಿಡುವ ಗಪ್ಪಿ, ಗ್ಯಾಂಬೂಸಿಯಾ ಮೀನುಗಳು ತಾವಾಗಿಯೇ ಗಾಜಿನ ಹತ್ತಿರ ಬರುತ್ತವೆ. ನನಗೆ ಎಲ್ಲಕ್ಕಿಂತ ಇಷ್ಟ ಕೊರಮೀನು. ಅದು ಗಾಳಿ ಉಸಿರಾಡುವ ಮೀನು, ಆಗಾಗ ಮೇಲೆ ಬರಲೇಬೇಕು. ಒಂದು ಸಲ ಬಂದ ಜಾಗ ನೋಡಿಕೊಂಡು ಅಲ್ಲೇ ಕಾಯುತ್ತೇನೆ. ಅದರ ಮರಿಗಳು ಕೆಂಪು ಕಿತ್ತಳೆ ಬಣ್ಣದವು, ಗುಂಪಾಗಿ ತೇಲುತ್ತವೆ. ಕೆಳಗೆ ಕತ್ತಲಲ್ಲಿ ತಾಯಿ ತಂದೆ ಕಾವಲಿರುತ್ತವೆ. ಮರಿಗಳ ಹಿಂಡು ಕಂಡರೆ ಲೈಟ್ ಆರಿಸಿ, ಒಂದು ಮೊಳ ದೂರದಲ್ಲೇ ನಿಲ್ಲುತ್ತೇನೆ. ಅಲ್ಲಿ ನನ್ನ ಗೇಣಿನ ಲೆಕ್ಕ ಬೇಡ. ಹತ್ತಿರ ಹೋದರೆ ಹಿಂಡು ಚದುರುತ್ತದೆ, ಒಂಟಿಯಾದ ಮರಿ ಬೇರೆ ಮೀನಿನ ಪಾಲಾಗುತ್ತದೆ.

ಅದೇ ಬಾವಿಯಲ್ಲಿ ಒಮ್ಮೆ ತಲೆಯೆತ್ತಿಯೂ ನೋಡಿ. ನೀರೊಳಗಿಂದ ಮೇಲೆ ನೋಡಿದರೆ ಹೊರಗಿನ ಲೋಕವೆಲ್ಲ ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯೊಳಗೆ ಸೇರಿಕೊಳ್ಳುತ್ತದೆ. ಆಕಾಶ, ಬಾವಿಯ ಕಟ್ಟೆ, ಬಗ್ಗಿ ನೋಡುವ ತಾತನ ಮುಖ, ಎಲ್ಲಾ. ನೀರು ಅಲುಗಬಾರದು ಅಷ್ಟೇ. ಟಿಜಿಯಲ್ಲಿ ಆ ವೃತ್ತ ಪೂರ್ತಿ ಹಿಡಿಸುವುದಿಲ್ಲ. ಆ್ಯಕ್ಷನ್ ಕ್ಯಾಮೆರಾದ ವೈಡ್‌ನಲ್ಲಿ ಹೆಚ್ಚಿನ ಭಾಗ ಸಿಗುತ್ತದೆ.

ಕೃಷಿ ಹೊಂಡಕ್ಕೆ ಮಾತ್ರ ಯಾರೂ ಇಳಿಯಬೇಡಿ, ಈಜು ಬಂದರೂ. ಟೊಮೆಟೊ ತೋಟಗಳ ಪಕ್ಕ ಪ್ಲಾಸ್ಟಿಕ್ ಶೀಟ್ ಹಾಸಿದ ಹೊಂಡಗಳಿವೆಯಲ್ಲ, ಅವುಗಳ ಅಂಚು ಪಾಚಿ ಕಟ್ಟಿ ಜಾರುತ್ತದೆ, ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಅಲ್ಲಿ ಪೇಂಟರ್‌ಗಳ ಉದ್ದ ಕೋಲಿಗೆ ಕ್ಯಾಮೆರಾ ಬಿಗಿದು ದಡದಿಂದಲೇ ಇಳಿಸುತ್ತೇನೆ. ವೈಫೈ ನೀರೊಳಗೆ ಸಾಗುವುದಿಲ್ಲ, ಹಾಗಾಗಿ ಮೊಬೈಲಿನಿಂದ ಕ್ಲಿಕ್ ಮಾಡುವ ಯೋಚನೆ ಬೇಡ. ಕೆಲವು ಸೆಕೆಂಡಿಗೊಂದು ಫೋಟೊ ತಾನಾಗಿ ತೆಗೆಯುವ ಹಾಗೆ ಇಟ್ಟು ಕೋಲು ಹಿಡಿದು ಕೂರುತ್ತೇನೆ.

ಸೀಲಿಗೆ ಅಂಟಿದ ಒಂದು ಕೂದಲು ಕ್ಯಾಮೆರಾ ಕೊಲ್ಲಲು ಸಾಕು. ಬ್ಯಾಟರಿ, ಕಾರ್ಡ್ ಮನೆಯಲ್ಲೇ ಹಾಕಿ, ಸೀಲಿನ ಸುತ್ತ ಬೆರಳಾಡಿಸಿ ನೋಡಿ, ಬಾಗಿಲು ಮುಚ್ಚಿಕೊಂಡು ಹೊರಡುತ್ತೇನೆ. ಹೊಲದ ಧೂಳಲ್ಲಿ ತೆರೆಯುವುದಿಲ್ಲ. ನಮ್ಮ ನೀರಿಗೆ ಇನ್ನೊಂದು ಗುಣವಿದೆ, ಗಡಸು. ಗಾಜಿನ ಮೇಲೆ ಒಣಗಿದರೆ ಬಿಳಿ ಕಲೆ ಕೂರುತ್ತದೆ. ಹಾಗಾಗಿ ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರನ್ನು ಬಕೆಟ್ಟಿಗೆ ಸುರಿದು, ಮೇಲೆ ಬಂದ ಕೂಡಲೇ ಕ್ಯಾಮೆರಾ ಅದರಲ್ಲಿ ಮುಳುಗಿಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತೇನೆ.

ಸಮುದ್ರಕ್ಕೆ ಹೋದಾಗ ಈ ಲೆಕ್ಕದಲ್ಲಿ ಕೆಲವು ಬದಲಾದವು. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಬೇಕು, ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ. ಡೈವಿಂಗ್ ಕಲಿಕೆಯ ಮೊದಲ ಹಂತದ ಓಪನ್ ವಾಟರ್ ಸರ್ಟಿಫಿಕೇಟ್ ಇದ್ದವರು 18 ಮೀಟರ್‌ವರೆಗೆ ಇಳಿಯಬಹುದು. ಟಿಜಿ ಬರೀಮೈಯಲ್ಲಿ ತಡೆಯುವುದು 15 ಮೀಟರ್. ಹತ್ತು ಮೀಟರ್‌ಗೊಮ್ಮೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ, ಆ ಮೂರು ಮೀಟರ್‌ಗೆ ಕ್ಯಾಮೆರಾ ಪಣಕ್ಕಿಡಬಾರದು. ಅದಕ್ಕೇ ಪ್ಲಾಸ್ಟಿಕ್ ಹೌಸಿಂಗ್ ಕೊಂಡೆ, ಅದು 45 ಮೀಟರ್‌ಗೆ ಆಗುತ್ತದೆ. ಮೊದಲು ಕ್ಯಾಮೆರಾ ಇಲ್ಲದ ಖಾಲಿ ಹೌಸಿಂಗಿನಲ್ಲಿ ಟಿಶ್ಯೂ ಪೇಪರ್ ಇಟ್ಟು ಮುಳುಗಿಸಿ ನೋಡಿದೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಗಾಜು ಮಂಜಾಗುವುದಿಲ್ಲ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಹಾಗಾಗಿ ಬೆಳಿಗ್ಗೆ ರೂಮಿನ ಎಸಿಯಲ್ಲೇ ಹೌಸಿಂಗ್ ಮುಚ್ಚಿಬಿಡಿ. ಡೈವಿಂಗ್ ಹೊಸದಾಗಿ ಕಲಿಯುತ್ತಿರುವವರು ಕ್ಯಾಮೆರಾವನ್ನು ದೋಣಿಯಲ್ಲೇ ಬಿಟ್ಟು ಇಳಿಯಿರಿ. ನೀರಲ್ಲಿ ಒಂದೇ ಮಟ್ಟದಲ್ಲಿ ಅಲುಗಾಡದೆ ತೇಲುವುದು ಬರುವವರೆಗೆ, ಒಂದು ಫೋಟೊಗಾಗಿ ಹವಳದ ಮೇಲೆ ಕೈಯೂರುವ ಪ್ರಸಂಗ ಬರುತ್ತದೆ.