ಯೂನಿಯನ್ ಆಫೀಸಿನ ಮುಂದೆ ಆಗಸ್ಟ್ 15: ಎಂಟು ವರ್ಷದ ಲೆಕ್ಕ

2024ರ ಆಗಸ್ಟ್ 15ಕ್ಕೆ ನಮ್ಮ ಕೆಂಬಾವುಟದ ಯೂನಿಯನ್ ಆಫೀಸಿನ ಮುಂದೆ ರಾಷ್ಟ್ರಧ್ವಜ ಏರಿಸಲು ಇನ್ನೂರೈವತ್ತು ಜನ ಸೇರಿದ್ದರು. ಎಣಿಸಿದ್ದು ನಾನಲ್ಲ, ಲಾಡು ಹಂಚಿದ ಹುಡುಗ. 300 ಲಾಡು ಕಟ್ಟಿಸಿದ್ದೆವು, ನಲವತ್ತೋ ಐವತ್ತೋ ಉಳಿದವು. ಎರಡು ಸಲ ಇಸ್ಕೊಂಡವರೂ ಇದ್ದರು ಅನ್ನಿ. 2017ರಲ್ಲಿ ಇದೇ ಜಾಗದಲ್ಲಿ ಹನ್ನೊಂದು ಜನ ಇದ್ದೆವು. ಅದರಲ್ಲಿ ನಾಲ್ವರು ನಮ್ಮ ಮನೆಯವರೇ.

"ಇದು ನಮ್ಮ ಕೈಲಿ ಆಗೋ ಕೆಲಸ ಅಲ್ಲ" ಎಂದ ಸಂಗಾತಿಗಳೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇಬಿಡೋಣ ಎಂದು ಕೂತಿದ್ದೇನೆ. ಶಾಖೆ ಸಭೆ, ರಸೀದಿ ಪುಸ್ತಕ, ಮೈಕ್ ಪರ್ಮಿಷನ್ ಎಲ್ಲ ನಿಮಗೆ ಗೊತ್ತಿರುವುದೇ. ಸಿದ್ಧಾಂತಕ್ಕೂ ಹೋಗುವುದಿಲ್ಲ. ಕಾರ್ಮಿಕರಿಗೆ ದೇಶವಿಲ್ಲ ಎಂಬ 1848ರ ಕಮ್ಯುನಿಸ್ಟ್ ಪ್ರಣಾಳಿಕೆಯ ಸಾಲು ಎಲ್ಲರಿಗೂ ಬಾಯಿಪಾಠ. ಅದರ ಮುಂದಿನ ಎರಡು ಸಾಲು ಓದಿದವರು ಕಡಿಮೆ. ಒಮ್ಮೆ ತೆಗೆದು ನೋಡಿ.

ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ. ಮೊದಲ ವರ್ಷ ನಾನು ವಿಷಯ ಎತ್ತಿದಾಗ ಆಫೀಸಿನ ಹಿರಿಯ ಸಂಗಾತಿಯೊಬ್ಬರು ಎದ್ದು ನಿಂತರು. "ಹಬ್ಬ ಅವರದು, ಬಾವುಟ ಅವರದು, ಲಾಡು ಮಾತ್ರ ನಮ್ಮ ದುಡ್ಡಿನದಾ?" ಎಂದರು. ಎಲ್ಲ ನಕ್ಕರು. ಅವರ ಮಾತಿಗೆ ಹಿಂದೊಂದು ಚರಿತ್ರೆ ಇದೆ. 1947ರ ಆಗಸ್ಟ್‌ನಲ್ಲಿ ಕಮ್ಯುನಿಸ್ಟ್ ಪಕ್ಷ ಹಬ್ಬದಲ್ಲಿ ಸೇರಿಕೊಂಡಿತ್ತು. ಏಳು ತಿಂಗಳೂ ಆಗಿರಲಿಲ್ಲ, 1948ರ ಕಲ್ಕತ್ತಾ ಮಹಾಧಿವೇಶನದಲ್ಲಿ ಬಿ.ಟಿ. ರಣದಿವೆ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿ ಬಂದರು, ಈ ಸ್ವಾತಂತ್ರ್ಯವೇ ಸುಳ್ಳು ಎಂಬ ಘೋಷಣೆ ಬಂತು. ಪಕ್ಷ ಆ ಲೈನನ್ನು ಬೇಗನೇ ಬಿಟ್ಟಿತು. ಮುಜುಗರ ಮಾತ್ರ ಉಳಿದುಕೊಂಡಿತು. ಬಾವುಟ ಕಂಡರೆ ನಮ್ಮವರು ಸುಮ್ನೆ ಪಕ್ಕಕ್ಕೆ ಸರಿದು ನಿಲ್ಲುವುದು ಅಭ್ಯಾಸವಾಯಿತು. ಆ ಖಾಲಿ ಜಾಗಕ್ಕೆ ಬೇರೆಯವರು ಬಂದು ನಿಂತರು.

2017ರ ಖರ್ಚು ನೆನಪಿರುವಷ್ಟು: ಜಿಐ ಪೈಪು, ವೆಲ್ಡಿಂಗ್, ಸಿಮೆಂಟು ಸೇರಿ 2,600. ಶಾಮಿಯಾನ 1,500. ಮೈಕ್ ಸೆಟ್ 1,200. ಲಾಡು 900. ಅಂಗಡಿಯಲ್ಲಿ ತಂದ ಬಾವುಟ 150. ವಸೂಲಾದದ್ದು 2,300. ಕೈಯಿಂದ ನಾಲ್ಕು ಸಾವಿರ ಹೋಯಿತು. ಮನೆಯಲ್ಲಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ದುಡ್ಡು ಹೋದದ್ದಕ್ಕಿಂತ ಮಾನ ಹೋದದ್ದು ಜಾಸ್ತಿ. ನಲವತ್ತು ನಿಮಿಷ ಭಾಷಣ ಮಾಡಿದೆ. ಬಿಸಿಲು. ಮಕ್ಕಳು ಲಾಡು ತೆಗೆದುಕೊಂಡು ಓಡಿದರು. ಕೊನೆಗೆ ಒಬ್ಬ ನಿವೃತ್ತ ಮೇಷ್ಟ್ರು ಕೈ ಎತ್ತಿ, "1942ರಲ್ಲಿ ನೀವು ಎಲ್ಲಿದ್ರಿ ಸಾರ್?" ಎಂದು ಕೇಳಿದರು. ನಾನು ಹಿಟ್ಲರ್, ಸ್ಟಾಲಿನ್‌ಗ್ರಾಡ್, ಜಪಾನ್ ಎಂದು ಊರೂರು ಸುತ್ತಿ ಬಂದೆ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಏನೂ ಅನ್ನಲಿಲ್ಲ, ಎದ್ದು ಹೋದರು.

ಆ ಪ್ರಶ್ನೆಗೆ ಉತ್ತರ ಸಿಗಲು ನನಗೆ ಮೂರು ವರ್ಷ ಬೇಕಾಯಿತು. ಈಗ ಯಾರಾದರೂ ಕೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ. "1942ರಲ್ಲಿ ಪಕ್ಷ ಕ್ವಿಟ್ ಇಂಡಿಯಾಕ್ಕೆ ಸೇರಲಿಲ್ಲ. ಸೋವಿಯತ್ ಮೇಲೆ ದಾಳಿಯಾಗಿತ್ತು, ಇದು ಜನರ ಯುದ್ಧ ಅಂತ ಅಂದುಕೊಂಡರು. ಜನರ ಮನಸ್ಸು ಓದುವುದರಲ್ಲಿ ತಪ್ಪಿದರು." ಅಷ್ಟೇ, ನೀರು ಕುಡಿಯುತ್ತೇನೆ. ಆಮೇಲೆ ಕಯ್ಯೂರಿಗೆ ಬರುತ್ತೇನೆ. ಅದು ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಊರು. ಜಮೀನ್ದಾರಿ ವಿರುದ್ಧ ಎದ್ದ ನಾಲ್ವರು ರೈತ ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಬ್ರಿಟಿಷರು ಗಲ್ಲಿಗೆ ಹಾಕಿದರು. ನಾಲ್ವರೂ ಕಮ್ಯುನಿಸ್ಟರು. ಪಕ್ಷ ಯುದ್ಧಕ್ಕೆ ಬೆಂಬಲ ಕೊಡುತ್ತಿದ್ದ ಕಾಲದಲ್ಲೇ ಇದು ಆಗಿದ್ದು. ಎರಡನ್ನೂ ಒಟ್ಟಿಗೆ ಹೇಳಬೇಕು. ಮೊದಲನೆಯದನ್ನು ಮುಚ್ಚಿಟ್ಟು ಎರಡನೆಯದನ್ನು ಮಾತ್ರ ಹೇಳಿದರೆ ಒಬ್ಬರೂ ನಂಬುವುದಿಲ್ಲ. ಮೇಷ್ಟ್ರು ಆಮೇಲೆ ಎರಡು ವರ್ಷ ಬಂದರು. 1962ರ ಚೀನಾ ಯುದ್ಧದ್ದನ್ನೂ ಕೇಳಿದರು. ಅದಕ್ಕೆ ನನ್ನ ಬಳಿ ಇನ್ನೂ ಚಿಕ್ಕ ಉತ್ತರ ಇಲ್ಲ.

2018ರಲ್ಲಿ ಬೇರೆ ಎಡವಟ್ಟು. ಆಗ ಸೂರ್ಯ ಮುಳುಗುವ ಮೊದಲು ಬಾವುಟ ಇಳಿಸಲೇಬೇಕಿತ್ತು. ಇಳಿಸುವ ಹೊಣೆ ಹೊತ್ತ ಹುಡುಗ ಅತ್ತೆ ಮನೆಗೆ ಹೋಗಿಬಿಟ್ಟಿದ್ದ. ರಾತ್ರಿ ಎಂಟಕ್ಕೆ ಬೀಟ್ ಪೊಲೀಸ್ ಫೋನ್. ಓಡಿ ಹೋಗಿ ಇಳಿಸಿ, ಟೀ ಕುಡಿಸಿ ಕಳಿಸಿದೆ. ಅದೇ ವರ್ಷ ಕೆಂಬಾವುಟದ ಜಗಳವೂ ಆಯಿತು. ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಾಗಲಿ ಅದರ ಪಕ್ಕಕ್ಕಾಗಲಿ ಬೇರೆ ಬಾವುಟ ಇರುವಂತಿಲ್ಲ. ನಮ್ಮ ಕೆಂಬಾವುಟ ಆಫೀಸಿನ ತಾರಸಿ ಮೇಲೆ ವರ್ಷಪೂರ್ತಿ ಹಾರುತ್ತದೆ. ಒಂದು ದಿನಕ್ಕೆ ಇಳಿಸೋಣ ಎಂದೆ. ಸಭೆ ರಾತ್ರಿ ಹನ್ನೊಂದರವರೆಗೆ ಹೋಯಿತು. ಒಬ್ಬರು ರಾಜೀನಾಮೆ ಪತ್ರವನ್ನೇ ಬರೆದರು, ಕೊಡಲಿಲ್ಲ. ಕೊನೆಗೆ ಹೊಸ ಕಂಬವನ್ನೇ ತಾರಸಿಗಿಂತ ಎತ್ತರ ಮಾಡಿ ರಸ್ತೆ ಬದಿಗೆ ಹಾಕಿದೆವು. ಕೆಂಬಾವುಟ ಹಿಂದಿನ ಮೂಲೆಗೆ ಹೋಯಿತು. ಇನ್ನೂ 3,000 ಚಿಲ್ಲರೆ ಕೈ ಬಿಟ್ಟಿತು.

2019ರ ಜನವರಿ 26 ಇನ್ನೂ ಕೆಟ್ಟದು. ಆಗಸ್ಟ್‌ನಲ್ಲಿ ಬಾವುಟವನ್ನು ಕೆಳಗಿಂದ ಏರಿಸುತ್ತೇವೆ. ಜನವರಿಯಲ್ಲಿ ಮೇಲೆ ಸುತ್ತಿ ಕಟ್ಟಿರುವುದನ್ನು ಎಳೆದು ಬಿಚ್ಚಬೇಕು. ಹೂವಿನ ಎಸಳು ಹಾಕಿ ಕಟ್ಟಿದ್ದೆವು. ಗಂಟು ಬಿಚ್ಚಲಿಲ್ಲ. ಐದು ನಿಮಿಷ ಜಗ್ಗಿದೆವು. ಒಬ್ಬ ಪಡ್ಡೆ ಹುಡುಗ ಅದನ್ನು ವಿಡಿಯೊ ಮಾಡಿ, ಬಾವುಟ ಬಿಚ್ಚೋಕೂ ಬರದ ಕಮ್ಯುನಿಸ್ಟರು ಎಂದು ಊರಿಗೆಲ್ಲ ಹಂಚಿದ. ಆಮೇಲೆ ಒಂದು ಸರ್ಕಾರಿ ಶಾಲೆಯ ಪಿ.ಟಿ. ಮೇಷ್ಟ್ರ ಹತ್ತಿರ ಹೋಗಿ ಗಂಟು ಕಲಿತೆ. ಹತ್ತಕ್ಕೆ ಹತ್ತು ಸಲ ಬಿಚ್ಚುತ್ತದೆ. ಅದು ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಬಂದು ಕಲಿಯಿರಿ, ನಾನೂ ಅವರ ಮನೆ ಬಾಗಿಲಲ್ಲಿ ಎರಡು ದಿನ ಕಾದಿದ್ದೇನೆ.

2020ರಲ್ಲಿ ಮಾಸ್ಕ್ ಹಾಕಿಕೊಂಡು ಐದು ಜನ. 2021ರಲ್ಲಿ ಸಿಪಿಎಂ ತನ್ನ ಎಲ್ಲ ಕಚೇರಿಗಳಲ್ಲಿ ರಾಷ್ಟ್ರಧ್ವಜ ಏರಿಸಲು ತೀರ್ಮಾನಿಸಿತು. ಕೊಲ್ಕತ್ತಾದ ಅಲಿಮುದ್ದೀನ್ ಬೀದಿಯ ಪಕ್ಷದ ರಾಜ್ಯ ಕಚೇರಿಯಲ್ಲೂ ಏರಿತು. ನಮ್ಮೂರಿನಲ್ಲಿ ನಾಲ್ಕು ವರ್ಷ ಮೊದಲೇ ಏರಿತ್ತು ಎಂಬುದನ್ನು ಸುಮ್ನೆ ದಾಖಲೆಗೆ ಹೇಳಿಡುತ್ತೇನೆ. ಅಲ್ಲಿಯವರೆಗೆ ವಾದ ಮಾಡುತ್ತಿದ್ದವರು ವಾದ ನಿಲ್ಲಿಸಿದರು. ಆದರೆ ಜನ ಬರಲಿಲ್ಲ. ಆ ವರ್ಷವೂ ಮೂವತ್ತು ದಾಟಲಿಲ್ಲ. ಏರಿಸಿದ ಮಾತ್ರಕ್ಕೆ ಏನೂ ಆಗುವುದಿಲ್ಲ ಎಂದು ಆಗ ಗೊತ್ತಾಯಿತು. ಎಲ್ಲರೂ ಏರಿಸುತ್ತಾರೆ, ನಾವೂ ಏರಿಸಿದೆವು. ಬಸ್‌ಸ್ಟ್ಯಾಂಡಿಗೇ ಹತ್ತಿರ ಇರುವ ಬೇರೆ ಬಾವುಟ ಬಿಟ್ಟು ನಮ್ಮ ಹತ್ತಿರ ಯಾಕೆ ಬರಬೇಕು?

ದಾರಿ ಸಿಕ್ಕಿದ್ದು 2022ರಲ್ಲಿ. ಅದಕ್ಕೂ ಮೊದಲು, 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಾವುಟಕ್ಕೆ, ಯಂತ್ರದಲ್ಲಿ ಮಾಡಿದ ಬಾವುಟಕ್ಕೆ ಅನುಮತಿ ಕೊಟ್ಟಿದ್ದರು. ಅಂಚೆ ಕಚೇರಿಯಲ್ಲಿ 25 ರೂಪಾಯಿಗೆ ಬಾವುಟ. ಎಲ್ಲ ಮನೆ ಮೇಲೂ ಅದೇ. ನಾನು ಹುಬ್ಬಳ್ಳಿಗೆ ಬೇರೆ ಕೆಲಸಕ್ಕೆ ಹೋಗಿದ್ದವನು ಬೆಂಗೇರಿಗೆ ಹೋದೆ. ಅಲ್ಲಿನ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಬಾವುಟ ತಯಾರಾಗುತ್ತದೆ. ಬಿಐಎಸ್, ಅಂದರೆ ಸರಕಿನ ಗುಣಮಟ್ಟ ನಿಗದಿ ಮಾಡುವ ಕೇಂದ್ರದ ಸಂಸ್ಥೆಯ ಮಾನ್ಯತೆ ಇರುವ ಖಾದಿ ಧ್ವಜ ಅಲ್ಲಿಯದು. ಕೆಲಸ ಮಾಡುವವರಲ್ಲಿ ಹೆಂಗಸರೇ ಹೆಚ್ಚು. ಬಿಐಎಸ್‌ನ ಪಟ್ಟಿಯಲ್ಲಿ ಬಾವುಟಕ್ಕೆ ಇರುವ ನಂಬರು ಐಎಸ್ 1. ಬಣ್ಣ, ಅಳತೆ, ಹೊಲಿಗೆ, ಚಕ್ರದ 24 ಕಡ್ಡಿ, ಯಾವುದರಲ್ಲಿ ಹೆಚ್ಚು ಕಡಿಮೆಯಾದರೂ ವಾಪಸು. ಪಾಲಿಯೆಸ್ಟರ್ ಬಂದ ವರ್ಷ ಅವರ ಹೊಟ್ಟೆಯ ಮೇಲೆ ಹೊಡೆತ ಬಿತ್ತು, ಪ್ರತಿಭಟನೆಗೂ ಕೂತರು.

ಎರಡು ಅಡಿಗೆ ಮೂರು ಅಡಿಯ ಒಂದು ಖಾದಿ ಬಾವುಟ ತಂದೆ. ಬಸ್ ಚಾರ್ಜು ಸೇರಿಸಿದರೆ ಎರಡು ಸಾವಿರದ ಹತ್ತಿರ. ಆ ವರ್ಷ ಭಾಷಣದಲ್ಲಿ ದೇಶಭಕ್ತಿ ಎಂಬ ಪದವನ್ನೇ ಎತ್ತಲಿಲ್ಲ. ಬಾವುಟ ಬಿಡಿಸಿ ಹಿಡಿದು, ಇದನ್ನು ನೂತವರು ಯಾರು, ಹೊಲಿದವರು ಯಾರು, ಅವರ ಕೂಲಿ ಏನಾಯಿತು ಎಂದಷ್ಟೇ ಹೇಳಿದೆ. ಎದುರಿಗೆ ನಿಂತ ಗಾರ್ಮೆಂಟ್ಸ್ ಹುಡುಗಿಯರು ಹತ್ತಿರ ಬಂದು ಹೊಲಿಗೆ ತಿರುವಿ ನೋಡಿದರು. ಒಬ್ಬಳು, "ಎಷ್ಟು ಪೀಸ್ ಟಾರ್ಗೆಟ್ ಅಣ್ಣಾ ಅವರಿಗೆ?" ಎಂದಳು. ಐದು ವರ್ಷದಲ್ಲಿ ನನ್ನ ಭಾಷಣಕ್ಕೆ ಬಂದ ಮೊದಲ ಒಳ್ಳೆಯ ಪ್ರಶ್ನೆ ಅದು. ಉತ್ತರ ನನಗೆ ಗೊತ್ತಿರಲಿಲ್ಲ.

2023ರ ಕೆಲಸ ಆ ಹುಡುಗಿಯಿಂದಲೇ ಶುರುವಾಯಿತು. ಅವರ ಫ್ಯಾಕ್ಟರಿಯಲ್ಲಿ ಆಗಸ್ಟ್ 15ಕ್ಕೆ ರಜೆ ಕೊಟ್ಟು ಮುಂದಿನ ಭಾನುವಾರ ಅದನ್ನು ದುಡಿಸಿಕೊಳ್ಳುತ್ತಿದ್ದರು. ಎಷ್ಟೋ ವರ್ಷದಿಂದ ಹಾಗೇ. ಇದಕ್ಕೆ ನಮ್ಮ ರಾಜ್ಯದಲ್ಲೇ 1963ರ ಕಾನೂನಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವು ಸಂಬಳ ಸಹಿತ ರಜೆ. ಆ ದಿನ ದುಡಿಸಿದರೆ ಒಂದೋ ಎರಡು ಪಟ್ಟು ಕೂಲಿ, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ಬದಲಿ ರಜೆ. ಕಾಲು ಶೀಟಿನ ಕರಪತ್ರ ಎರಡು ಸಾವಿರ ಹೊಡೆಸಿದೆವು, 1,400 ರೂಪಾಯಿ ಆಯಿತು. ತ್ರಿವರ್ಣ ಪ್ರಿಂಟ್ ಬೇಡ, ಕಪ್ಪು ಶಾಯಿ ಸಾಕು ಎಂದೆ, ತುಳಿದಾಡಿಬಿಡುತ್ತಾರೆ. ತಲೆಬರಹ: ಆಗಸ್ಟ್ 15 ಯಾರ ಹಬ್ಬ, ಭಾನುವಾರ ಯಾರ ದುಡಿಮೆ? 14ರ ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನಲ್ಲಿ ಹಂಚಿದೆವು.

ಮರುದಿನ ನೂರಿಪ್ಪತ್ತು ಜನ. ಆ ಭಾನುವಾರ ಕೆಲಸಕ್ಕೆ ಕರೆಯಲಿಲ್ಲ. ನಡುವೆ ಒಂದು ಕಾಗದದ ವ್ಯವಹಾರ ಇತ್ತು. ಯಾರಿಗೆ ಬರೆದೆ, ಯಾವ ದಿನ ಬರೆದೆ ಎಂಬುದೇ ಅದರ ಗುಟ್ಟು. ಬೇರೆ ಫ್ಯಾಕ್ಟರಿಗಳಲ್ಲಿ ಇನ್ನೂ ಕೆಲಸ ಬಾಕಿ ಇದೆ, ಹಾಗಾಗಿ ಅದೂ ಸದ್ಯಕ್ಕೆ ನನ್ನ ಜೇಬಿನಲ್ಲೇ ಇರಲಿ.

ಏರಿಸುವವರು ಯಾರು ಎಂಬುದನ್ನೂ ಅದೇ ವರ್ಷ ಬದಲಿಸಿದೆವು. ಅಲ್ಲಿಯವರೆಗೆ ನಾವೇ ಮುಖಂಡರು ಸರದಿ ಹಾಕಿಕೊಂಡಿದ್ದೆವು. ಈ ಸಲ ಒಬ್ಬ ಪೌರಕಾರ್ಮಿಕ ಅಕ್ಕನನ್ನು ಕೇಳಿದೆ. "ನಾನಾ? ಬ್ಯಾಡಣ್ಣಾ, ದೊಡ್ಡೋರ ಹತ್ರ ಮಾಡಿಸಿ" ಎಂದಳು. ಆಮೇಲೆ ಮೆಲ್ಲಗೆ ಹೇಳಿದಳು: ಇಪ್ಪತ್ತು ವರ್ಷದಿಂದ ಆಗಸ್ಟ್ 15 ಅಂದರೆ ಅವಳಿಗೆ ಮಧ್ಯಾಹ್ನದ ಮೇಲೆ ಮೈದಾನ ಗುಡಿಸುವ ದಿನ. ಕಾಗದದ ಬಾವುಟ, ಲಾಡಿನ ಕವರು. ಬಾವುಟಗಳನ್ನು ಕಸದ ಗಾಡಿಗೆ ಹಾಕಲು ಮನಸ್ಸು ಬರದೆ ಬೇರೆ ಚೀಲದಲ್ಲಿ ಇಡುತ್ತಾಳಂತೆ. ಅವಳು ಹಗ್ಗ ಎಳೆದ ದಿನ ಅವರ ಕಾಲೊನಿಯೇ ಬಂದಿತ್ತು. ಭಾಷಣ ಏಳೇ ನಿಮಿಷ. ಜನಗಣಮನ 52 ಸೆಕೆಂಡು ಅಂತಾರೆ, ನಮ್ಮ ಅಂಗನವಾಡಿ ಟೀಚರುಗಳು ಎಳೆದು ಎಳೆದು ಒಂದೂಕಾಲು ನಿಮಿಷ ಮಾಡಿದರು.

ನಡುವೆ ಮಾಡಿ ನೋಡಿದ ಇತರ ಪ್ರಯೋಗಗಳೂ ಇವೆ. ಏಪ್ರಿಲ್ 25ಕ್ಕೆ ವಿದುರಾಶ್ವತ್ಥಕ್ಕೆ ಸೈಕಲ್ ಜಾಥಾ. 1938ರಲ್ಲಿ ಅಲ್ಲಿ ಬಾವುಟ ಏರಿಸಲು ಸೇರಿದ ಜನರ ಮೇಲೆ ಮೈಸೂರು ಸರ್ಕಾರದ ಪೊಲೀಸರು ಗುಂಡು ಹಾರಿಸಿದ್ದರು. ಏಪ್ರಿಲ್ ಬಿಸಿಲಿಗೆ ಸೈಕಲ್ ಹೊರಟ ನನ್ನ ಬುದ್ಧಿಗೆ ಏನನ್ನಬೇಕೋ. ಹದಿನೆಂಟು ಸೈಕಲ್ ಹೊರಟವು, ಏಳು ಮುಟ್ಟಿದವು. ಉಳಿದವರು ಟೆಂಪೊ ಹತ್ತಿದರು.

ಇನ್ನೊಂದು ಅಕ್ಟೋಬರ್‌ನದು. ಮೈಸೂರು ಸಂಸ್ಥಾನದವರಾದ ನಮಗೆ 1947ರ ಆಗಸ್ಟ್ 15 ಅರ್ಧ ಹಬ್ಬವೇ. ರಾಜರ ಕೈಯಿಂದ ಜನರ ಕೈಗೆ ಅಧಿಕಾರ ಬರುವ ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಆಗಬೇಕಾಯಿತು, ಅಕ್ಟೋಬರ್ ಕೊನೆಗೆ ನಮ್ಮ ಹಳೇ ಕೋಲಾರ ಜಿಲ್ಲೆಯ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ನಿಜಾಮನ ಕೆಳಗಿದ್ದ ಕಲಬುರಗಿ ಕಡೆಯವರು 1948ರ ಸೆಪ್ಟೆಂಬರ್ 17ರವರೆಗೆ ಕಾದರು. ಇದರ ಮೇಲೆ ಒಂದು ಸಭೆ ಇಟ್ಟೆ. ಆರು ಜನ ಬಂದರು, ಹಾಲ್ ಬಾಡಿಗೆ 500. ಒಳ್ಳೆಯ ವಿಷಯ, ಆದರೆ ಭಾಷಣದಲ್ಲಿ ಒಂದು ನಿಮಿಷಕ್ಕೆ ಮಾತ್ರ ಸರಿ.

ಘೋಷಣೆಯ ಗಲಾಟೆ 2024ರಲ್ಲಿ ಆಯಿತು. ಬಾವುಟ ಏರಿದ ಕೂಡಲೇ ಒಬ್ಬ ಹುಡುಗ "ಭಾರತ್ ಮಾತಾ ಕೀ ಜೈ" ಎಂದ. ನಮ್ಮವರು ನನ್ನ ಮುಖ ನೋಡಿದರು. ನಾನೂ ಜೈ ಎಂದೆ. ಆಮೇಲೆ ಮೈಕ್ ಹಿಡಿದು ಇಂಕ್ವಿಲಾಬ್ ಜಿಂದಾಬಾದ್ ಎಂದೆ, ಆ ಹುಡುಗನೂ ಜೋರಾಗಿ ಕೂಗಿದ. ಆ ಘೋಷಣೆ ಕೊಟ್ಟ ಮೌಲಾನಾ ಹಸ್ರತ್ ಮೊಹಾನಿ 1921ರ ಅಹಮದಾಬಾದ್ ಕಾಂಗ್ರೆಸ್ಸಿನಲ್ಲೇ ಪೂರ್ಣ ಸ್ವಾತಂತ್ರ್ಯ ಕೇಳಿದ್ದವರು, 1925ರಲ್ಲಿ ಕಾನ್ಪುರದ ಕಮ್ಯುನಿಸ್ಟ್ ಸಮ್ಮೇಳನಕ್ಕೆ ಸ್ವಾಗತ ಸಮಿತಿ ಅಧ್ಯಕ್ಷರು. ಇದನ್ನು ಅವನಿಗೆ ಲಾಡು ಕೊಡುವಾಗ ಹೇಳಿದೆ. ಕೇಳಿಸಿಕೊಂಡನೋ ಇಲ್ಲವೋ, ಇನ್ನೊಂದು ಲಾಡು ಕೇಳಿದ. ನಾನು ಜೈ ಅಂದದ್ದರ ಬಗ್ಗೆ ಶಾಖೆಯಲ್ಲಿ ಎರಡು ಸಭೆ ನಡೆದಿವೆ, ಇನ್ನೂ ಮುಗಿದಿಲ್ಲ.

ನಮ್ಮ ಹಿರಿಯ ಸಂಗಾತಿ 2024ಕ್ಕೂ ಒಳಗೆ ಬರಲಿಲ್ಲ. ಎದುರಿನ ಟೀ ಅಂಗಡಿ ಬೆಂಚಿನಲ್ಲಿ ಕೂತು ಪೂರ್ತಿ ನೋಡಿದರು. ಜನಗಣಮನಕ್ಕೆ ಎದ್ದು ನಿಂತದ್ದನ್ನು ನಾನೇ ನೋಡಿದೆ. ಆಮೇಲೆ ಲಾಡು ತಿಂದು "ಸಕ್ಕರೆ ಜಾಸ್ತಿ ಆಯ್ತು" ಎಂದರು.

ಆ ವರ್ಷ ವಸೂಲು 9,200, ಖರ್ಚು 8,500 ಚಿಲ್ಲರೆ. ಮೊದಲ ಸಲ ಉಳಿತಾಯ. ಕಂಬದ ಮೇಲಿನ ರಾಟೆ ತುಕ್ಕು ಹಿಡಿದಿದೆ, ಹಗ್ಗ ಅರ್ಧಕ್ಕೆ ಕಚ್ಚಿಕೊಳ್ಳುತ್ತದೆ. ಉಳಿದ ಆರೇಳು ನೂರಕ್ಕೆ ಸ್ಟೀಲ್ ರಾಟೆ ತರಬೇಕು ಎಂದು ನಾನು, ಹಿಂದಿನ ಮೂಲೆಯ ಕೆಂಬಾವುಟ ಹರಿದಿದೆ, ಅದಕ್ಕೆ ಬಟ್ಟೆ ತರಬೇಕು ಎಂದು ಖಜಾಂಚಿ. ಮುಂದಿನ ಸಭೆಯಲ್ಲಿ ತೀರ್ಮಾನ.